ಥೇಮ್ಸ್ ದಡದ ಕಬ್ಬಿಣದ ಕಾರಖಾನೆಯೂ ಅದರ ಕಾಲ್ಚೆಂಡಿನ ಕೂಟವೂ

ಲಂಡನ್ ನಗರವನ್ನು ನೋಡಹೋದವರು ವೆಸ್ಟ್‌ಮಿನ್‌ಸ್ಟರಿನ ಹಳೆಯ ದೇವಾಲಯವನ್ನೂ, ಅರಮನೆಯನ್ನೂ, ಹೆಸರಾಂತ ವಸ್ತುಸಂಗ್ರಹಾಲಯವನ್ನೂ ತಪ್ಪದೆ ನೋಡಿ ಬರುವರು. ನಗರದ ಪೂರ್ವದ ಅಂಚಿಗೆ ಹೋಗುವವರು ವಿರಳ. ಅಲ್ಲಿ ಅರಸರ ಗೋರಿಗಳಿಲ್ಲ, ಚಿತ್ರಶಾಲೆಗಳಿಲ್ಲ. ತಲೆತಲಾಂತರದಿಂದ ರಟ್ಟೆಯ ಬಲದಿಂದ ಬಾಳಿದವರ ಬೀದಿಗಳು ಅವು. ಆದರೆ ಒಂದು ದೇಶದ ಜನ ಹೇಗೆ ದುಡಿದರು, ದುಡಿದು ದಣಿದ ಮೇಲೆ ಹೇಗೆ ನಲಿದರು ಎಂಬುದನ್ನು ತಿಳಿಯಬೇಕೆನ್ನುವವರಿಗೆ ಆ ಬೀದಿಗಳಲ್ಲಿ ಅರ್ಧ ದಿನದ ಅಲೆದಾಟವು ವ್ಯರ್ಥವಾಗದು. ನಮ್ಮ ದೇಶದ ಒಬ್ಬ ಮಹಾಪುರುಷರ ತಾರುಣ್ಯದ ಕಥೆಯೂ ಅಲ್ಲಿಯ ಕಥೆಯೊಡನೆ ಒಂದು ಎಳೆಯಾಗಿ ಹೆಣೆದುಕೊಂಡಿದೆ ಎಂಬುದು ವಾಚಕರಿಗೆ ಕುತೂಹಲವನ್ನುಂಟುಮಾಡಬಹುದು.

ನೆಲದೊಳಗಿನ ರೈಲಿನಲ್ಲಿ ಹೊರಟು ಕ್ಯಾನಿಂಗ್ ಟೌನ್ ನಿಲ್ದಾಣದಲ್ಲಿ ಇಳಿಯಬೇಕು. ನಿಲ್ದಾಣದ ಪಕ್ಕದಲ್ಲಿಯೇ ಲೀ ಎಂಬ ಸಣ್ಣ ನದಿಯು ಹಾವಿನಂತೆ ಮೈಮುರಿದು ಹರಿದು, ಸ್ವಲ್ಪ ದೂರದಲ್ಲಿ ಥೇಮ್ಸ್ ನದಿಯನ್ನು ಸೇರುವುದು. ಈ ಕೊನೆಯ ತಿರುವುಗಳಿಗೆ ಬೋ ಕ್ರೀಕ್ ಎಂದು ಹೆಸರು. ಸಮುದ್ರದ ಭರತ ಇಳಿತಗಳು ಇಲ್ಲಿಯವರೆಗೂ ಮುಟ್ಟುವುವು. ನೀರು ಇಳಿದಾಗ ಎರಡು ದಡಗಳಲ್ಲಿಯೂ ಬೂದುಬಣ್ಣದ ಕೆಸರು ಮಾತ್ರ ಕಾಣುವುದು. ಸುತ್ತಲೂ ಹೊಸ ಕಾಲದ ಎತ್ತರವಾದ ಮಹಡಿಮನೆಗಳು ಎದ್ದಿವೆ. ಜಗತ್ತಿನ ನೌಕಾಯುದ್ಧದ ರೀತಿಯನ್ನೇ ಬದಲಿಸಿದ ಹಡಗೊಂದು ಈ ಕೆಸರಿನ ದಡದಿಂದ ನೀರಿಗಿಳಿಯಿತೆಂದರೆ ನಂಬುವುದು ಕಷ್ಟ. ನಿಲ್ದಾಣದ ಒಳಗಿನ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಕೊರೆದಿರುವ ಬರಹವು ಆ ಸಂಗತಿಯನ್ನು ಸಾರುತ್ತದೆ. ಅವಸರದಲ್ಲಿ ಓಡುವ ಪ್ರಯಾಣಿಕರಲ್ಲಿ ಅದನ್ನು ನಿಂತು ಓದುವವರು ಕೆಲವರೇ.

ಇಲ್ಲಿದ್ದುದು ಥೇಮ್ಸ್ ಐರನ್‌ವರ್ಕ್ಸ್ ಎಂಬ ಹಡಗು ಕಟ್ಟುವ ಕಾರಖಾನೆ. ಅದರ ಮೂಲವು 1837ನೆಯ ಇಸವಿಯಷ್ಟು ಹಳೆಯದು. ಹಿಂದಿನ ಒಡೆಯನು ದಿವಾಳಿಯಾದ ಮೇಲೆ 1857ರಲ್ಲಿ ಅದು ಹೊಸ ಕಂಪೆನಿಯಾಗಿ ಈ ಹೆಸರನ್ನು ತಾಳಿತು. ಕೆಟ್ಟ ವಾಸನೆಯನ್ನೂ ಹೊಗೆಯನ್ನೂ ಹರಡುವ ಉದ್ಯಮಗಳನ್ನು ಲಂಡನ್ನಿನ ಎಲ್ಲೆಯೊಳಗೆ ತಡೆಯುವ ಕಾನೂನು 1844ರಲ್ಲಿ ಬಂದಿದ್ದಿತು. ಲೀ ನದಿಯನ್ನು ದಾಟಿದರೆ ಎಸೆಕ್ಸ್ ಸೀಮೆ. ಅಲ್ಲಿ ಆ ಕಾನೂನಿನ ಕೈ ಮುಟ್ಟದು. ಹೀಗಾಗಿ ಹೊಲಗದ್ದೆಗಳ ಜವುಗು ನೆಲವು ನೋಡನೋಡುತ್ತ ಕಾರಖಾನೆಗಳ ಕಾಡಾಯಿತು. ಕೂಲಿಯನ್ನು ಅರಸಿ ಬಂದ ಜನರ ಸಾಲುಮನೆಗಳಿಂದ ವೆಸ್ಟ್ ಹ್ಯಾಮ್ ಎಂಬ ಹಳ್ಳಿಯು ಪಟ್ಟಣವಾಗಿ ಬೆಳೆಯಿತು. 1860ರ ಡಿಸೆಂಬರ್ 29ರಂದು ಈ ಕಾರಖಾನೆಯಿಂದ ‘ವಾರಿಯರ್’ ಎಂಬ ಯುದ್ಧನೌಕೆಯು ಇಳಿಯಿತು. ಆಂಗ್ಲರ ನೌಕಾಬಲದಲ್ಲಿ ಒಡಲೆಲ್ಲ ಕಬ್ಬಿಣವಾಗಿ, ಮೇಲೆ ಕಬ್ಬಿಣದ ಕವಚವನ್ನೂ ತೊಟ್ಟ ಮೊದಲನೆಯ ಸಾಗರನೌಕೆ ಅದು. ನಾಲ್ಕೂವರೆ ಅಂಗುಲ ದಪ್ಪದ ಕಬ್ಬಿಣದ ಕವಚ, ಅದರ ಹಿಂದೆ ಆನಿಕೆಯಾಗಿ ಹದಿನೆಂಟು ಅಂಗುಲದ ತೇಗದ ಮರ! ಆ ದಿನದ ಚಳಿಯು ಎಷ್ಟು ಕಠೋರವಾಗಿದ್ದಿತೆಂದರೆ, ಹಡಗು ಜಾರುಗಟ್ಟೆಗೆ ಹೆಪ್ಪುಗಟ್ಟಿ ಕದಲದೆ ನಿಂತುಬಿಟ್ಟಿತು. ಬಹು ಪ್ರಯಾಸದಿಂದ ಅದನ್ನು ನೀರಿಗೆ ಎಳೆಯಬೇಕಾಯಿತು. ಆ ವಾರಿಯರ್ ನೌಕೆಯು ಜೀರ್ಣೋದ್ಧಾರವನ್ನು ಪಡೆದು 1987ರಿಂದ ಪೋರ್ಟ್ಸ್‌ಮತ್ ಬಂದರಿನಲ್ಲಿ ಪ್ರೇಕ್ಷಣೀಯ ವಸ್ತುವಾಗಿ ನಿಂತಿದೆ.

ಅಂಥ ಹಡಗುಗಳ ತಗಡುಗಳನ್ನು ಜೋಡಿಸುತ್ತಿದ್ದ ಬಗೆಯನ್ನು ಇಲ್ಲಿ ಹೇಳುವುದು ಅವಶ್ಯ. ಏಕೆಂದರೆ ಮುಂದಿನ ಕಥೆಗೆ ಅದೇ ಬೀಜ. ಎರಡು ಕಬ್ಬಿಣದ ತಗಡುಗಳ ಅಂಚನ್ನು ಒಂದರ ಮೇಲೊಂದಿಟ್ಟು ತೂತು ಕೊರೆದಿರುವರು. ಒಬ್ಬ ಹುಡುಗನು ಕುಲುಮೆಯಲ್ಲಿ ರಿವೆಟ್ ಎಂಬ ಮೊಳೆಯನ್ನು ಕೆಂಡದಂತೆ ಕಾಯಿಸಿ ಇಕ್ಕಳದಿಂದ ಕೊಡುವನು. ಇನ್ನೊಬ್ಬನು ಅದನ್ನು ತೂತಿನಲ್ಲಿ ತೂರಿಸುವನು. ಒಳಗಡೆ ಒಬ್ಬನು ಭಾರವಾದ ಸುತ್ತಿಗೆಯನ್ನು ಮೊಳೆಯ ತಲೆಗೆ ಒತ್ತಿ ಹಿಡಿದು ನಿಲ್ಲುವನು. ಹೊರಗಡೆ ಇಬ್ಬರು ಸುತ್ತಿಗೆಗಾರರು ಒಬ್ಬನಾದ ಮೇಲೊಬ್ಬನು, ತಾಳ ತಪ್ಪದೆ, ಅದರ ಇನ್ನೊಂದು ತುದಿಯನ್ನು ಬಡಿದು ಗುಂಡಗೆ ಮಾಡುವರು. ಮೊಳೆಯು ಆರುತ್ತ ಕುಗ್ಗುವುದು. ಕುಗ್ಗಿದಂತೆಲ್ಲ ತಗಡುಗಳು ಒಂದನ್ನೊಂದು ಬಿಗಿಯಾಗಿ ಅಪ್ಪುವುವು. ಬೆಂಕಿಯು ಆರುವುದರೊಳಗಾಗಿ ಕೆಲಸ ಮುಗಿಯಬೇಕು. ಒಬ್ಬನ ಕೈ ತಡವಾದರೆ ಎಲ್ಲರ ಶ್ರಮವೂ ಹಾಳು. ಇಂಥ ಲಕ್ಷಾಂತರ ಮೊಳೆಗಳನ್ನು ಬಡಿದ ಮೇಲೆ ಒಂದು ಹಡಗು. ದಿನವಿಡೀ ಹೀಗೆ ಒಬ್ಬರ ಕೈಯನ್ನೊಬ್ಬರು ನೋಡಿ ದುಡಿಯುತ್ತಿದ್ದ ಈ ಜನಕ್ಕೆ, ಹನ್ನೊಂದು ಮಂದಿ ಕೂಡಿ ಒಂದು ಚೆಂಡನ್ನು ಸಾಗಿಸುವ ಆಟವು ಸುಲಭವಾಗಿ ಒಲಿದುದರಲ್ಲಿ ಆಶ್ಚರ್ಯವೇನು?

ಆದರೆ ಆ ಆಟದ ಕೂಟಕ್ಕೆ ಆಶ್ರಯ ಕೊಟ್ಟವರು ಕಾರಖಾನೆಯ ಯಜಮಾನರು. ಆರ್ನಾಲ್ಡ್ ಹಿಲ್ಸ್ ಎಂಬ ಈ ಮಹನೀಯರು 1857ರಲ್ಲಿ ಜನಿಸಿದರು. ಹ್ಯಾರೋ ಶಾಲೆಯಲ್ಲಿಯೂ ಆಕ್ಸ್‌ಫರ್ಡಿನಲ್ಲಿಯೂ ಓದಿದರು. ಸ್ವತಃ ಒಳ್ಳೆಯ ಆಟಗಾರರು. 1877ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಪರವಾಗಿ ಎಫ್.ಎ. ಕಪ್ಪಿನ ಅಂತಿಮ ಪಂದ್ಯದಲ್ಲಿಯೂ, 1879ರಲ್ಲಿ ಇಂಗ್ಲೆಂಡಿನ ಪರವಾಗಿ ಸ್ಕಾಟ್ಲೆಂಡಿನ ಎದುರಿಗೂ ಆಡಿದವರು. ತಂದೆಯ ಕಾರಖಾನೆಯ ಹೊಣೆಯನ್ನು ಹೊತ್ತ ಮೇಲೆ, ಸಿರಿವಂತರ ಬಡಾವಣೆಯಲ್ಲಿ ಇರದೆ ಕೂಲಿಕಾರರ ನಡುವೆಯೇ ಕೆಲವು ವರ್ಷ ವಾಸಮಾಡಿದರು. ಮದ್ಯವನ್ನು ಮುಟ್ಟಿದವರಲ್ಲ, ಮಾಂಸವನ್ನು ತಿಂದವರಲ್ಲ. ಲಾಭದಲ್ಲಿ ಕೆಲಸಗಾರರಿಗೂ ಪಾಲು ದೊರೆಯುವ ಏರ್ಪಾಟನ್ನು 1892ರಲ್ಲಿ ತಂದರು. 1894ರಲ್ಲಿ ದಿನಕ್ಕೆ ಎಂಟೇ ಗಂಟೆಯ ಕೆಲಸವೆಂದು ಗೊತ್ತುಮಾಡಿದರು. ಆ ಕಾಲಕ್ಕೆ ಇವು ಸಾಮಾನ್ಯ ಸಂಗತಿಗಳಲ್ಲ. ಆದರೆ ಅದೇ ಹಿಲ್ಸರು ಕಾರ್ಮಿಕ ಸಂಘಗಳ ಕಡು ವಿರೋಧಿಗಳು. ಮುಷ್ಕರ ನಡೆದಾಗ ಹೊರಗಿನ ಆಳುಗಳನ್ನು ತರಿಸಿ ಕೆಲಸ ನಡೆಸಿದವರು. ಕೂಲಿಕಾರರ ಹಿತವನ್ನು ಅವರು ಮನಸಾರ ಬಯಸಿದರು. ಆ ಹಿತವು ಯಾವುದೆಂಬುದನ್ನು ಮಾತ್ರ ತಾವೇ ಗೊತ್ತುಮಾಡಬೇಕೆಂದು ಎಣಿಸಿದರು.

ಅವರ ಸ್ವಭಾವದ ಈ ಎರಡು ಮುಖಗಳನ್ನೂ ಹತ್ತಿರದಿಂದ ಕಂಡವರಲ್ಲಿ ಭಾರತದಿಂದ ಬಂದಿದ್ದ ಒಬ್ಬ ನಾಚಿಕೆಯ ವಿದ್ಯಾರ್ಥಿಯೂ ಇದ್ದನು. ಅವನೇ ಮೋಹನದಾಸ ಕರಮಚಂದ ಗಾಂಧಿ. 1888ರಿಂದ 1891ರವರೆಗೆ ಲಂಡನ್ನಿನಲ್ಲಿ ನ್ಯಾಯಶಾಸ್ತ್ರವನ್ನು ಓದುತ್ತಿದ್ದಾಗ ಗಾಂಧೀಜಿಯವರು ಅಲ್ಲಿಯ ಸಸ್ಯಾಹಾರಿಗಳ ಸಂಘವನ್ನು ಸೇರಿ, ಅದರ ಕಾರ್ಯಕಾರಿ ಸಮಿತಿಯ ಸದಸ್ಯರಾದರು. ಸಂಘದ ಅಧ್ಯಕ್ಷರು ಹಿಲ್ಸರೇ. ಸಂಘವು ಉಸಿರಾಡುತ್ತಿದ್ದುದೂ ಬಹುಮಟ್ಟಿಗೆ ಅವರ ಹಣದಿಂದಲೇ. ಗಾಂಧೀಜಿಯವರ ಮೊತ್ತಮೊದಲ ಲೇಖನಗಳು 1891ರಲ್ಲಿ ಅಚ್ಚಾದುದು ಹಿಲ್ಸರ ಆಶ್ರಯದಲ್ಲಿದ್ದ ‘ದಿ ವೆಜಿಟೇರಿಯನ್’ ಎಂಬ ವಾರಪತ್ರಿಕೆಯಲ್ಲಿ. ಆಗ ಒಂದು ವಿವಾದವು ಹುಟ್ಟಿತು. ಸಮಿತಿಯ ಡಾಕ್ಟರ್ ಆಲಿನ್‌ಸನ್ ಎಂಬವರು ಕೃತಕ ಸಂತಾನನಿಯಮನವನ್ನು ಬೋಧಿಸುತ್ತಿದ್ದರು. ಇದು ನೀತಿಯ ಬೇರನ್ನೇ ಕಡಿಯುವುದೆಂದು ಬಗೆದ ಹಿಲ್ಸರು ಅವರನ್ನು ಸಂಘದಿಂದ ತೆಗೆದುಹಾಕಬೇಕೆಂದರು. ವಿಷಯದಲ್ಲಿ ಗಾಂಧೀಜಿಯವರ ಅಭಿಪ್ರಾಯವೂ ಹಿಲ್ಸರಂತೆಯೇ ಇದ್ದಿತು. ಆದರೆ ಸಂಘದ ಗುರಿ ಸಸ್ಯಾಹಾರವೇ ಹೊರತು ಬೇರೆ ನೀತಿನಿಯಮವಲ್ಲ. ಸಸ್ಯಾಹಾರಿಯಾದವನಿಗೆ, ಅವನ ಇತರ ಅಭಿಪ್ರಾಯಗಳು ಏನೇ ಇರಲಿ, ಅಲ್ಲಿ ಎಡೆಯಿರಬೇಕೆಂದು ಅವರಿಗೆ ತೋರಿತು. ಎದ್ದು ಮಾತನಾಡುವ ಧೈರ್ಯವಿಲ್ಲದೆ ಬರೆದು ತಂದರು. ಅದನ್ನೂ ಓದಲಾರದೆ ಹೋದಾಗ ಅಧ್ಯಕ್ಷರು ಬೇರೊಬ್ಬರಿಂದ ಓದಿಸಿದರು. ಪಕ್ಷವು ಸೋತಿತು. ಹೀಗಾದರೂ ಹಿಲ್ಸರ ಔದಾರ್ಯವನ್ನು ತಮ್ಮ ಆತ್ಮಕಥೆಯಲ್ಲಿ ಗೌರವದಿಂದಲೇ ನೆನೆದಿದ್ದಾರೆ.

ಈ ವಿವಾದವಾಗಿ ಕೆಲವೇ ವರ್ಷಗಳಲ್ಲಿ ಅದೇ ಪ್ರಶ್ನೆಯು ಬೇರೊಂದು ವೇಷದಲ್ಲಿ ಹಿಲ್ಸರ ಮುಂದೆ ನಿಂತಿತು. ಒಂದು ಕೂಟವನ್ನು ಪೋಷಿಸಿದವನಿಗೆ ಅದರೊಳಗಿನವರ ನಡೆನುಡಿಯ ಮೇಲೆ ಎಷ್ಟು ಅಧಿಕಾರ? ಮುಷ್ಕರಗಳ ಕಹಿಯನ್ನು ಅಳಿಸಿ ಯಜಮಾನನೂ ಆಳುಗಳೂ ಒಂದೇ ಕುಟುಂಬದವರಂತೆ ಇರಬೇಕೆಂಬ ಆಸೆಯಿಂದ ಅವರು ಕಾರಖಾನೆಯಲ್ಲಿ ವಾದ್ಯಮೇಳ, ಕ್ರಿಕೆಟ್, ದೋಣಿಯಾಟ, ಸೈಕಲ್ ಸವಾರಿ ಮೊದಲಾದುವಕ್ಕೆಲ್ಲ ಕೂಟಗಳನ್ನು ಏರ್ಪಡಿಸಿದ್ದರು. ಕಾರಖಾನೆಗೆ ತನ್ನದೇ ಆದ ಪತ್ರಿಕೆಯೂ ಇದ್ದಿತು. ಕಾಲ್ಚೆಂಡಿನ ಕೂಟವನ್ನು ಕಟ್ಟುವ ವಿಚಾರವು 1895ರ ಬೇಸಗೆಯಲ್ಲಿ ಆ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೆಲಸವನ್ನು ವಹಿಸಿಕೊಂಡವನು ಡೇವ್ ಟೇಲರ್ ಎಂಬ ಮೇಸ್ತ್ರಿ. ಅವನು ಆಟದ ತೀರ್ಪುಗಾರನೂ ಆಗಿದ್ದನು. ಸೇರುವವರು ವರ್ಷಕ್ಕೆ ಎರಡೂವರೆ ಷಿಲ್ಲಿಂಗು ಚಂದಾ ಕೊಡಬೇಕು. ಆಡುವವರೆಲ್ಲ ಹವ್ಯಾಸಿಗಳು. ಆಟಕ್ಕಾಗಿ ಯಾರಿಗೂ ಕಾಸಿಲ್ಲ. ಹಗಲು ಕುಲುಮೆಯ ಮುಂದೆ ನಿಂತವರು ಸಂಜೆಯ ಹೊತ್ತು ಅಭ್ಯಾಸಕ್ಕೆ ಕೂಡುತ್ತಿದ್ದರು. ಸೆಪ್ಟೆಂಬರಿನಲ್ಲಿ ಮೊದಲ ಪಂದ್ಯವು ಸಮಸಮವಾಗಿ ಮುಗಿಯಿತು. ಎಫ್.ಎ. ಕಪ್ಪಿನ ಪಂದ್ಯದಲ್ಲಿ ಚಾಟಮ್ ತಂಡದವರು ಇವರಿಗೆ ಐದು ಗೋಲುಗಳ ಪೆಟ್ಟು ಕೊಟ್ಟರು. ಆದರೂ ಆ ವರ್ಷವೇ ವೆಸ್ಟ್ ಹ್ಯಾಮ್ ಧರ್ಮಾರ್ಥ ಕಪ್ಪು ಇವರ ಕೈಗೆ ಬಂದಿತು.

ಇವರ ಮೊದಲ ಆಟದ ಬಯಲು ಕ್ಯಾನಿಂಗ್ ಟೌನಿನ ಹರ್ಮಿಟ್ ರಸ್ತೆಯಲ್ಲಿದ್ದಿತು. ಮುರಿದುಬಿದ್ದ ಇನ್ನೊಂದು ಕೂಟವು ಬಿಟ್ಟುಹೋದ ನೆಲ ಅದು. ಅಲ್ಲಿ ಇವರು ಒಂದು ಸಾಹಸವನ್ನು ಮಾಡಿದರು. ಚಳಿಗಾಲದಲ್ಲಿ ಆ ದೇಶದಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುವುದು. ಕೆಲಸಗಾರನು ಬಿಡುವಾಗಿ ಬರುವ ಹೊತ್ತಿಗೆ ಆಟಕ್ಕೆ ಬೆಳಕಿಲ್ಲ. ಅದಕ್ಕಾಗಿ ಬಯಲಿನ ಸುತ್ತ ವಿದ್ಯುದ್ದೀಪಗಳನ್ನು ಹಾಕಿಸಿ ರಾತ್ರಿಯಲ್ಲಿ ಪಂದ್ಯಗಳನ್ನು ಆಡಿದರು. ಆ ಮಂದವಾದ ಬೆಳಕಿನಲ್ಲಿ ಚೆಂಡು ಕಾಣಲೆಂದು ಅದನ್ನು ಆಗಾಗ ಸುಣ್ಣದ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದರು! ಈಗ ಜಗತ್ತಿನಾದ್ಯಂತ ಇರುಳಿನ ಪಂದ್ಯಗಳು ನಿತ್ಯದ ಮಾತಾಗಿವೆ. ಅಂದಿಗೆ ಅದು ಕಾರಖಾನೆಯ ಕಸುಬುದಾರರಿಗೇ ಹೊಳೆಯಬಹುದಾದ ಉಪಾಯ.

1896ರಲ್ಲಿ ಆ ಬಯಲನ್ನು ಬಿಡಬೇಕಾಯಿತು. ಮಾರನೆಯ ವರ್ಷ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ವಜ್ರಮಹೋತ್ಸವ. ಅದರ ನೆನಪಿಗಾಗಿ ಹಿಲ್ಸರು ಇಪ್ಪತ್ತು ಸಾವಿರ ಪೌಂಡುಗಳಷ್ಟು ಸ್ವಂತ ಹಣವನ್ನು ಸುರಿದು, ಪ್ಲೈಸ್ಟೋ ಎಂಬಲ್ಲಿ ‘ಮೆಮೋರಿಯಲ್ ಗ್ರೌಂಡ್ಸ್’ ಎಂಬ ಕ್ರೀಡಾಂಗಣವನ್ನು ಕಟ್ಟಿಸಿದರು. ಸೈಕಲ್ ಪಥ, ಓಟದ ಪಥ, ಟೆನ್ನಿಸ್ ಅಂಗಳ, ದೊಡ್ಡ ಈಜುಕೊಳ, ಎಲ್ಲವೂ ಅಲ್ಲಿದ್ದುವು. ಈಗ ಅದು ಸಾರ್ವಜನಿಕರ ಉದ್ಯಾನ. ವೆಸ್ಟ್ ಹ್ಯಾಮ್ ನಿಲ್ದಾಣದಿಂದ ಕಾಲ್ನಡಿಗೆಯ ದೂರ. ಹುಲ್ಲಿನ ಮೇಲೆ ಆಡುವ ಮಕ್ಕಳನ್ನು ನೋಡುತ್ತ ಯಾರೂ ಅಲ್ಲಿ ಕ್ಷಣಕಾಲ ಕುಳಿತುಕೊಳ್ಳಬಹುದು.

ಅಲ್ಲಿಂದ ಅನತಿದೂರದಲ್ಲಿರುವ ಪೂರ್ವ ಲಂಡನ್ ರುದ್ರಭೂಮಿಗೂ ಒಮ್ಮೆ ಹೋಗಿಬರಬೇಕು. ಲಂಗರಿನ ಆಕಾರದ ಒಂದು ಸ್ಮಾರಕವು ಅಲ್ಲಿದೆ. 1898ರ ಜೂನ್ 21ರಂದು ‘ಆಲ್ಬಿಯನ್’ ಎಂಬ ಯುದ್ಧನೌಕೆಯು ನೀರಿಗಿಳಿಯುವ ದಿನ. ಯಾರ್ಕಿನ ಡಚೆಸ್ ಅವರೇ ಉತ್ಸವಕ್ಕೆ ಬಂದಿದ್ದರು. ಅಪ್ಪನು ಬಡಿದ ಹಡಗನ್ನು ನೋಡಲೆಂದು ಹೆಂಡಿರು ಮಕ್ಕಳೆಲ್ಲ ಹಬ್ಬದ ಉಡುಗೆಯುಟ್ಟು ನೆರೆದಿದ್ದರು. ನಿಲ್ಲಬಾರದೆಂದು ಎಚ್ಚರಿಸಿದ್ದ ಒಂದು ಮರದ ಸೇತುವೆಯ ಮೇಲೂ ಜನ ಕಿಕ್ಕಿರಿದರು. ಹಡಗು ಜಾರಿ ಬಿದ್ದ ರಭಸಕ್ಕೆ ಎದ್ದ ಅಲೆಯು ಆ ಸೇತುವೆಯನ್ನೇ ಕಿತ್ತೊಗೆಯಿತು. ಜಯಘೋಷದ ಗದ್ದಲದಲ್ಲಿ ಮುಳುಗುವವರ ಕೂಗು ಹಲವರಿಗೆ ಕೇಳಲೇ ಇಲ್ಲ. ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಹೆಂಗಸರು ಮತ್ತು ಮಕ್ಕಳು. ಹಿಲ್ಸರು ಮನೆಮನೆಗೆ ಹೋಗಿ ಸಂತೈಸಿದರು. ಉತ್ತರಕ್ರಿಯೆಯ ವೆಚ್ಚವನ್ನು ತಾವೇ ವಹಿಸಿದರು. ಯಜಮಾನನು ದೊಡ್ಡ ಮನಸ್ಸಿನವನೆಂಬುದನ್ನು ಆ ಜನ ಮರೆಯಲಿಲ್ಲ.

ಕಾಲ್ಚೆಂಡಿನ ಕೂಟವು ಅಷ್ಟರಲ್ಲಿ ಬೇರೆ ದಾರಿಯನ್ನು ಹಿಡಿದಿದ್ದಿತು. ಆಟಗಾರರಿಗೆ ಹಣ ಕೊಡುವುದನ್ನು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯು 1885ರಲ್ಲಿಯೇ ಅಂಗೀಕರಿಸಿದ್ದಿತು. ಹ್ಯಾರೋ, ಆಕ್ಸ್‌ಫರ್ಡುಗಳಲ್ಲಿ ಬೆಳೆದ ಹಿಲ್ಸರಿಗೆ ಹಣಕ್ಕಾಗಿ ಆಡುವುದು ಆಟಕ್ಕೇ ಕಳಂಕವಾಗಿ ಕಂಡಿತು. ಅವರ ದೃಷ್ಟಿಯಲ್ಲಿ ಆಟವು ಶೀಲವನ್ನು ಬೆಳೆಸುವ ಸಾಧನ. ಉದಾತ್ತವಾದ ಮಾತೇ ಸರಿ. ಆದರೆ ಹೊಟ್ಟೆ ತುಂಬಿದವನಿಗೆ ಸುಲಭವಾದ ನಿಷ್ಕಾಮವು ದಿನಗೂಲಿಯವನಿಗೆ ಸುಲಭವೇ? ದೂರದ ಊರಿಗೆ ಪಂದ್ಯಕ್ಕೆ ಹೋದರೆ ಅರ್ಧ ದಿನದ ಕೂಲಿ ಹೋಗುವುದು. ಕಾಲು ಮುರಿದರೆ ಮನೆಯ ಒಲೆಯೇ ಆರುವುದು. ಇತ್ತ ಗೆಲ್ಲಬೇಕೆಂಬ ಹಂಬಲ ಆಡುವವರಿಗೂ ನೋಡುವವರಿಗೂ ಬಲವಾಯಿತು. 1898ರಲ್ಲಿ ಕೂಟವು ಸದರ್ನ್ ಲೀಗಿನ ಎರಡನೆಯ ವಿಭಾಗವನ್ನು ಸೇರಿ ಸಂಬಳದ ಆಟಗಾರರನ್ನು ತಂದಿತು. ಆ ಸಾಲಿನಲ್ಲಿಯೇ ಪ್ರಥಮ ಸ್ಥಾನವನ್ನೂ ಗಳಿಸಿತು. ಕಾರಖಾನೆಯ ಕೈಗಳಿಗಿಂತ ಹೊರಗಿನವರ ಕಾಲುಗಳೇ ತಂಡದಲ್ಲಿ ಹೆಚ್ಚಾದುವು. ಗ್ರೀನಿಚ್ಚಿನ ಯಂತ್ರನಿರ್ಮಾಪಕರಾದ ಜಾನ್ ಪೆನ್ ಕಂಪೆನಿಯನ್ನು ಕೊಂಡ ಮೇಲೆ ಕಾರಖಾನೆಯ ಲೆಕ್ಕವನ್ನು ಪಾಲುದಾರರಿಗೆ ಒಪ್ಪಿಸಬೇಕಾಯಿತು; ಆಟಕ್ಕಾಗಿ ಹಿಂದಿನಂತೆ ಹಣ ಸುರಿಯುವ ಹಾಗಿರಲಿಲ್ಲ. 1900ರ ಜೂನಿನಲ್ಲಿ ಥೇಮ್ಸ್ ಐರನ್‌ವರ್ಕ್ಸ್ ಕೂಟವು ವಿಸರ್ಜನೆಯಾಯಿತು. ಜುಲೈ 5ರಂದು ಅದರ ಒಡಲಿನಿಂದಲೇ ‘ವೆಸ್ಟ್ ಹ್ಯಾಮ್ ಯುನೈಟೆಡ್’ ಎಂಬ ಹೊಸ ಕಂಪೆನಿಯು ಹುಟ್ಟಿತು. ಹತ್ತು ಷಿಲ್ಲಿಂಗಿನ ಒಂದೊಂದು ಪಾಲನ್ನು ಊರಿನ ಜನರಿಗೆ ಮಾರಲಾಯಿತು. ಯಜಮಾನನ ಹೆಸರೂ ಹೋಯಿತು, ಕಾರಖಾನೆಯ ಹೆಸರೂ ಹೋಯಿತು. ಊರಿನ ಹೆಸರು ಬಂದಿತು.

ಕಾರಖಾನೆಗೂ ದುರ್ದಿನಗಳು ಬಂದುವು. ಕಲ್ಲಿದ್ದಲೂ ಉಕ್ಕೂ ಸಮೀಪದಲ್ಲಿಯೇ ದೊರೆಯುವ ಉತ್ತರದ ಹಡಗುಕಟ್ಟೆಗಳೊಡನೆ ಲಂಡನ್ ಪೈಪೋಟಿ ನಡೆಸಲಾರದೆ ಹೋಯಿತು. 1911ರಲ್ಲಿ ಇಳಿದ ‘ಥಂಡರರ್’ ಎಂಬುದೇ ಇಲ್ಲಿಯ ಕೊನೆಯ ಯುದ್ಧನೌಕೆ. ವಾತರೋಗದಿಂದ ಕೈಕಾಲು ಬಿದ್ದುಹೋಗಿದ್ದ ಹಿಲ್ಸರು ಕಾರಖಾನೆಯನ್ನು ಉಳಿಸಲು ಸರಕಾರದೊಡನೆ ಕೊನೆಯವರೆಗೂ ಹೋರಾಡಿದರು. 1912ರಲ್ಲಿ ಬಾಗಿಲು ಮುಚ್ಚಿತು. ಅವರು 1927ರಲ್ಲಿ ತೀರಿಕೊಂಡರು. ನಾಲ್ಕು ವರ್ಷಗಳ ತರುವಾಯ, ಒಂದು ಕಾಲದ ಆ ನಾಚಿಕೆಯ ವಿದ್ಯಾರ್ಥಿಯು ದುಂಡುಮೇಜಿನ ಪರಿಷತ್ತಿಗೆಂದು ಬಂದು, ಸಮೀಪದ ಬೋ ಬಡಾವಣೆಯ ಕಿಂಗ್ಸ್‌ಲಿ ಹಾಲ್‌ನಲ್ಲಿ ಬಡವರ ನಡುವೆ ಬಿಡಾರ ಮಾಡಿದರು. 1931ರ ಸೆಪ್ಟೆಂಬರಿನಲ್ಲಿ ಚಾರ್ಲಿ ಚಾಪ್ಲಿನ್ನರು ಮಹಾತ್ಮರನ್ನು ಕಂಡುದು ಈ ಕ್ಯಾನಿಂಗ್ ಟೌನಿನ ಒಂದು ಮನೆಯಲ್ಲಿಯೇ.

ಕೂಟವು 1904ರಲ್ಲಿ ಗ್ರೀನ್ ಸ್ಟ್ರೀಟಿನ ಬೊಲಿನ್ ಬಯಲಿಗೆ ಹೋಗಿ 2016ರವರೆಗೆ ಅಲ್ಲಿ ಆಡಿತು. 1923ರಲ್ಲಿ ವೆಂಬ್ಲಿ ಕ್ರೀಡಾಂಗಣದ ಮೊದಲ ಎಫ್.ಎ. ಕಪ್ ಅಂತಿಮ ಪಂದ್ಯದಲ್ಲಿ ಇವರು ಬೋಲ್ಟನ್ನರಿಗೆ ಸೋತರು. ಜನಸಾಗರವು ಆಟದ ನೆಲಕ್ಕೇ ನುಗ್ಗಿದುದರಿಂದ ಬಿಳಿಯ ಕುದುರೆಯನ್ನೇರಿದ ಪೋಲೀಸಿನವನೊಬ್ಬನು ಮೆಲ್ಲಗೆ ಹಿಂದಕ್ಕೆ ಸರಿಸಿದ ಆ ಪಂದ್ಯವನ್ನು ಆಂಗ್ಲರು ಇಂದಿಗೂ ನೆನೆಯುವರು. 1964ರಲ್ಲಿ ಆ ಕಪ್ಪು ದೊರೆಯಿತು. 1966ರಲ್ಲಿ ಇಂಗ್ಲೆಂಡು ವಿಶ್ವಕಪ್ಪನ್ನು ಗೆದ್ದಾಗ ನಾಯಕ ಬಾಬಿ ಮೂರ್, ಅಂತಿಮ ಪಂದ್ಯದ ನಾಲ್ಕು ಗೋಲುಗಳನ್ನೂ ಹೊಡೆದ ಜೆಫ್ ಹರ್ಸ್ಟ್ ಮತ್ತು ಮಾರ್ಟಿನ್ ಪೀಟರ್ಸ್, ಮೂವರೂ ಈ ಕೂಟದವರೇ. ಅವರ ಪ್ರತಿಮೆಯು ಬಾರ್ಕಿಂಗ್ ರಸ್ತೆಯ ಮೂಲೆಯಲ್ಲಿ ನಿಂತಿದೆ. ಹಳೆಯ ಕ್ರೀಡಾಂಗಣವಿದ್ದೆಡೆ ಈಗ ಮನೆಗಳು. ಗ್ರೀನ್ ಸ್ಟ್ರೀಟಿನ ಉದ್ದಕ್ಕೂ ಸೀರೆ, ಒಡವೆ, ಮಿಠಾಯಿಗಳ ಭಾರತೀಯ ಅಂಗಡಿಗಳು. ನಮ್ಮವರ ಕಣ್ಣಿಗೆ ಆ ಬೀದಿ ಪರದೇಶವೆಂದೇ ತೋರದು.

ಈಗಿನ ಕ್ರೀಡಾಂಗಣವು ಸ್ಟ್ರಾಟ್‌ಫರ್ಡಿನಲ್ಲಿದೆ. ಕ್ಯಾನಿಂಗ್ ಟೌನಿನಿಂದ ರೈಲಿನಲ್ಲಿ ಎರಡನೆಯ ನಿಲ್ದಾಣ. ಅದೇ ಲೀ ನದಿಯ ಕಣಿವೆಯಲ್ಲಿ, 2012ರ ಒಲಿಂಪಿಕ್ ಪಂದ್ಯಗಳಿಗೆಂದು ಕಟ್ಟಿದುದು. ಕೋಟಿಗಟ್ಟಲೆ ಹಣವನ್ನು ಪಡೆಯುವ ಇಂದಿನ ಆಟಗಾರರಿಗೂ ಎರಡೂವರೆ ಷಿಲ್ಲಿಂಗು ಚಂದಾ ತೆತ್ತು ಆಡಿದ ಆ ಸುತ್ತಿಗೆಗಾರರಿಗೂ ಎತ್ತಣ ಸಂಬಂಧವೆಂದು ಕೇಳಬಹುದು. ಅವರ ಅಂಗಿಯ ಎದೆಯ ಮೇಲೆ ನೋಡಬೇಕು. ಒಂದಕ್ಕೊಂದು ಅಡ್ಡವಾಗಿಟ್ಟ ಎರಡು ಸುತ್ತಿಗೆಗಳ ಗುರುತು ಅಲ್ಲಿದೆ. ರಿವೆಟ್ ಮೊಳೆಯನ್ನು ಬಡಿಯುತ್ತಿದ್ದ ಸುತ್ತಿಗೆಗಳೇ ಅವು. ಕಾರಖಾನೆಯು ಮುಚ್ಚಿ ನೂರು ವರ್ಷ ಕಳೆದ ಮೇಲೂ ಸಾವಿರಾರು ಕಂಠಗಳು ತಂಡವನ್ನು ‘ಐರನ್ಸ್’ ಎಂದು, ಅಂದರೆ ಕಬ್ಬಿಣದವರೆಂದು, ಕೂಗಿ ಹುರಿದುಂಬಿಸುವುವು.

ಹಿಲ್ಸರು ಬಯಸಿದ ನಿಷ್ಕಾಮದ ಆಟವೂ ಉಳಿಯಲಿಲ್ಲ. ಅವರು ಪ್ರಾಣದಂತೆ ಕಾಪಾಡಿದ ಕಾರಖಾನೆಯೂ ಉಳಿಯಲಿಲ್ಲ. ಅವರು ಕೊಟ್ಟು, ತಮ್ಮ ಕೈಯಿಂದ ಜಾರಿಹೋದುದೊಂದೇ ಉಳಿಯಿತು. ಮಕ್ಕಳನ್ನು ಸಾಕುವ ಗೃಹಸ್ಥರಿಗೆ ಇದು ಹೊಸ ಮಾತಲ್ಲ. ನಾವು ಹಾಕಿದ ಅಳತೆಗೆ ಅವರು ಬೆಳೆಯುವುದಿಲ್ಲ; ಹಾಗೆ ಬೆಳೆಯದೆ ಹೋದರೂ ಮನೆತನದ ಗುರುತನ್ನು ಎಲ್ಲಿಯೋ ಹೊತ್ತೇ ಇರುತ್ತಾರೆ. ಸಂಜೆಯಾಗುತ್ತ ಬೋ ಕ್ರೀಕಿನಲ್ಲಿ ಭರತದ ನೀರು ಏರಿ ಕೆಸರನ್ನು ಮುಚ್ಚುವುದು. ಅಲ್ಲಿ ಈಗ ಸುತ್ತಿಗೆಯ ಸದ್ದಿಲ್ಲ. ಪಂದ್ಯದ ದಿನವಾದರೆ ಅದರ ಗುರುತನ್ನು ಧರಿಸಿದವರು ಗುಂಪುಗುಂಪಾಗಿ ನಿಲ್ದಾಣದ ಮೆಟ್ಟಿಲಿಳಿದು ಸ್ಟ್ರಾಟ್‌ಫರ್ಡಿನ ಗಾಡಿಯನ್ನು ಹತ್ತುವರು.